ಸದುದ್ದೇಶವೂ ಸಾಕ್ಷ್ಯವೂ: ಕೇಂಬ್ರಿಜ್–ಸಾಮರ್‌ವಿಲ್ ಪ್ರಯೋಗದ ಒಂದು ಪರಿಶೀಲನೆ

೧

ಆಪ್ತಸಮಾಲೋಚನೆಯನ್ನು ಅಧ್ಯಯನ ವಿಷಯವಾಗಿ ಆರಿಸಿಕೊಂಡ ವಿದ್ಯಾರ್ಥಿಗೆ ಸಂಶೋಧನಾ ವಿಧಾನದ ಪತ್ರಿಕೆಯು ಸಾಮಾನ್ಯವಾಗಿ ರುಚಿಸುವುದಿಲ್ಲ. ನೊಂದವರ ಮಾತಿಗೆ ಕಿವಿಗೊಟ್ಟು ಅವರಿಗೆ ನೆರವಾಗಬೇಕೆಂಬ ಹಂಬಲದಿಂದ ಬಂದವರಿಗೆ ನಿಯಂತ್ರಣ ಗುಂಪು, ಯಾದೃಚ್ಛಿಕ ಹಂಚಿಕೆ, ಸಂಭವನೀಯತೆ ಮೊದಲಾದುವು ಪರೀಕ್ಷೆಗಾಗಿ ಬಾಯಿಪಾಠ ಮಾಡತಕ್ಕ ಪಾರಿಭಾಷಿಕ ಪದಗಳಾಗಿ ಮಾತ್ರ ತೋರುತ್ತವೆ. ಇದಕ್ಕೆ ಪಠ್ಯಪುಸ್ತಕಗಳೂ ಸ್ವಲ್ಪಮಟ್ಟಿಗೆ ಹೊಣೆ. ಅವು ವಿಧಾನಗಳ ಪಟ್ಟಿಯನ್ನು ಕೊಡುತ್ತವೆ. ಆ ವಿಧಾನಗಳು ಯಾವ ಇಕ್ಕಟ್ಟಿನಿಂದ ಹುಟ್ಟಿದುವು, ಅವುಗಳನ್ನು ಕೈಬಿಟ್ಟರೆ ಯಾರಿಗೆ ಏನು ಹಾನಿ ಎಂಬುದನ್ನು ಹೇಳುವುದು ಕಡಮೆ.

ಆದಕಾರಣ ಒಂದೇ ಒಂದು ಪ್ರಯೋಗವನ್ನು ತೆಗೆದುಕೊಂಡು, ಅದರ ಗುಣದೋಷಗಳನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ನಾವು ಆರಿಸಿಕೊಂಡಿರುವುದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ನಡೆದ ಕೇಂಬ್ರಿಜ್–ಸಾಮರ್‌ವಿಲ್ ಬಾಲಕರ ಅಧ್ಯಯನ. ಇದರ ಮುಖ್ಯ ವರದಿಗಳು ಎರಡು: ಎಡ್ವಿನ್ ಪವರ್ಸ್ ಮತ್ತು ಹೆಲೆನ್ ವಿಟ್ಮರ್ ಇವರು ೧೯೫೧ರಲ್ಲಿ ಪ್ರಕಟಿಸಿದ ಗ್ರಂಥ, ಮತ್ತು ಜೋನ್ ಮೆಕಾರ್ಡ್ ಅವರು ೧೯೭೮ರಲ್ಲಿ ಪ್ರಕಟಿಸಿದ ಪ್ರಬಂಧ. ಇತಿಹಾಸ ವಿಭಾಗದವರಾದ ನಮಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ವಾಚಕರು ಕೇಳಬಹುದು. ಸಾಕ್ಷ್ಯವನ್ನು ತೂಗಿನೋಡುವುದೇ ಇತಿಹಾಸಕಾರನ ಕಸುಬು. ಈ ಪ್ರಯೋಗದ ತಿರುಳೂ ಸಾಕ್ಷ್ಯದ ಪ್ರಶ್ನೆಯೇ. ಉಪಕಾರ ಮಾಡಿದೆನೆಂದು ಒಬ್ಬನು ಹೇಳುತ್ತಾನೆ, ಉಪಕಾರವಾಯಿತೆಂದು ಇನ್ನೊಬ್ಬನು ಒಪ್ಪುತ್ತಾನೆ. ಇಷ್ಟರಿಂದಲೇ ಉಪಕಾರವು ಸಿದ್ಧವಾಯಿತೆ? ಇದೇ ನಮ್ಮ ಮುಂದಿರುವ ಪ್ರಶ್ನೆ.

೨

ಮೊದಲು ಸಂಗತಿಗಳನ್ನು ಸಂಗ್ರಹವಾಗಿ ಹೇಳುತ್ತೇವೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನೂ ಸಾಮಾಜಿಕ ನೀತಿಶಾಸ್ತ್ರವನ್ನೂ ಬೋಧಿಸಿದ ರಿಚರ್ಡ್ ಕ್ಲಾರ್ಕ್ ಕ್ಯಾಬಟ್ (೧೮೬೮–೧೯೩೯) ಅವರು ಸಮಾಜಸೇವಕರ ರಾಷ್ಟ್ರೀಯ ಸಮ್ಮೇಳನದಲ್ಲಿ ೧೯೩೧ರಲ್ಲಿ ಅಧ್ಯಕ್ಷ ಭಾಷಣ ಮಾಡುತ್ತ, ತಮ್ಮ ಸೇವೆಯ ಫಲವನ್ನು ತಾವೇ ಅಳೆದುನೋಡಬೇಕೆಂದು ಆ ವೃತ್ತಿಯವರನ್ನು ಒತ್ತಾಯಿಸಿದರು. ಅಪರಾಧದ ಹಾದಿಯನ್ನು ಹಿಡಿಯಬಹುದಾದ ಹುಡುಗನಿಗೆ ಹಿರಿಯನೊಬ್ಬನ ಸ್ಥಿರವಾದ ಸ್ನೇಹ ದೊರೆತರೆ ಅವನು ದಾರಿ ತಪ್ಪುವುದಿಲ್ಲ ಎಂಬುದು ಅವರ ನಂಬಿಕೆಯಾಗಿತ್ತು. ನಂಬಿಕೆಯನ್ನು ನಂಬಿಕೆಯಾಗಿಯೇ ಉಳಿಸಿಕೊಳ್ಳದೆ ಪರೀಕ್ಷೆಗೆ ಒಡ್ಡಿದುದು ಕ್ಯಾಬಟ್ ಅವರ ಹಿರಿಮೆ.

ಬಾಸ್ಟನ್ ನಗರದ ನೆರೆಯಲ್ಲಿರುವ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಪಟ್ಟಣಗಳಿಂದ ೬೫೦ ಹುಡುಗರನ್ನು ಆರಿಸಲಾಯಿತು. ಶಾಲೆ, ಚರ್ಚು, ಪೋಲೀಸು ಮೊದಲಾದ ಕಡೆಗಳಿಂದ ಹೆಸರುಗಳು ಬಂದುವು. ತುಂಟರೆಂದು ಹೆಸರಾದವರ ಜೊತೆಗೆ ಸಾಮಾನ್ಯರಾದ ಹುಡುಗರನ್ನೂ ಸೇರಿಸಿಕೊಂಡರು. ಕಾರ್ಯಕ್ರಮಕ್ಕೆ ಸೇರಿದವನೆಂದರೆ ಕೆಟ್ಟವನೆಂಬ ಕಳಂಕ ಅಂಟಬಾರದೆಂಬುದು ಇದರ ಉದ್ದೇಶ. ವಯಸ್ಸು, ಮನೆತನದ ಸ್ಥಿತಿ, ಸ್ವಭಾವ ಮುಂತಾದುವುಗಳಲ್ಲಿ ಒಬ್ಬರನ್ನೊಬ್ಬರು ಹೋಲುವಂತೆ ಈ ಹುಡುಗರನ್ನು ೩೨೫ ಜೋಡಿಗಳಾಗಿ ಮಾಡಿ, ಪ್ರತಿಯೊಂದು ಜೋಡಿಯಲ್ಲಿಯೂ ಯಾರಿಗೆ ನೆರವು ಸಲ್ಲಬೇಕೆಂಬುದನ್ನು ನಾಣ್ಯವನ್ನು ಚಿಮ್ಮಿ ನಿರ್ಧರಿಸಲಾಯಿತು.

ನೆರವಿನ ಕಾರ್ಯವು ೧೯೩೯ರಲ್ಲಿ ಆರಂಭವಾಗಿ ೧೯೪೫ರಲ್ಲಿ ಮುಗಿಯಿತು. ಸಲಹೆಗಾರರು ಸರಾಸರಿ ತಿಂಗಳಿಗೆ ಎರಡು ಬಾರಿ ಹುಡುಗರ ಮನೆಗಳಿಗೆ ಹೋಗುತ್ತಿದ್ದರು. ಪಾಠದಲ್ಲಿ ಹಿಂದಾದವರಿಗೆ ಪಾಠ ಹೇಳಿಸಿದರು. ಬೇಕಾದವರಿಗೆ ವೈದ್ಯರ ನೆರವನ್ನು ಒದಗಿಸಿದರು. ಅನೇಕರನ್ನು ಬೇಸಗೆಯ ಶಿಬಿರಗಳಿಗೆ ಕಳುಹಿಸಿದರು. ಜೋಡಿಯ ಇನ್ನೊಬ್ಬ ಹುಡುಗನಿಗೆ ಇದಾವುದೂ ಇಲ್ಲ. ಊರಿನಲ್ಲಿ ಎಲ್ಲರಿಗೂ ದೊರೆಯುತ್ತಿದ್ದ ಸೌಲಭ್ಯಗಳು ಮಾತ್ರ ಅವನಿಗೂ ಇದ್ದುವು.

೩

ಈ ನಾಣ್ಯದ ಮಹತ್ವವನ್ನು ಸ್ವಲ್ಪ ವಿವರಿಸಬೇಕು. ಜೋಡಿ ಮಾಡುವಾಗ ನಮಗೆ ತಿಳಿದಿರುವ ಗುಣಗಳನ್ನು ಸರಿದೂಗಿಸಬಹುದು. ತಿಳಿಯದವುಗಳನ್ನು ಸರಿದೂಗಿಸುವುದು ಹೇಗೆ? ತಾಯಿಯ ಧೈರ್ಯ, ಸೋದರಮಾವನ ಕುಡಿತ, ಬೀದಿಯ ಗೆಳೆಯರ ಸಹವಾಸ ಇವೆಲ್ಲ ಯಾವ ಕಾಗದದಲ್ಲಿಯೂ ದಾಖಲಾಗಿರುವುದಿಲ್ಲ. ಆಯ್ಕೆಯನ್ನು ಸಲಹೆಗಾರನಿಗೇ ಬಿಟ್ಟಿದ್ದರೆ ಅವನು ತಿಳಿದೋ ತಿಳಿಯದೆಯೋ ಒಲಿದು ಬರುವ ಹುಡುಗನನ್ನೇ ಆರಿಸುತ್ತಿದ್ದನು. ನಾಣ್ಯಕ್ಕೆ ಒಲವಿಲ್ಲ. ತಿಳಿದ ಕಾರಣಗಳನ್ನೂ ತಿಳಿಯದ ಕಾರಣಗಳನ್ನೂ ಅದು ಎರಡು ಗುಂಪುಗಳಿಗೆ ಪಕ್ಷಪಾತವಿಲ್ಲದೆ ಹಂಚುತ್ತದೆ. ಉಳಿಯುವ ಹೆಚ್ಚುಕಡಮೆ ಎಷ್ಟಿರಬಹುದೆಂಬುದನ್ನು ಗಣಿತದಿಂದ ಅಳೆಯಬಹುದು. ಇಂಗ್ಲೆಂಡಿನ ಆರ್. ಎ. ಫಿಷರ್ ಅವರು ೧೯೩೫ರಲ್ಲಿ ಪ್ರಕಟಿಸಿದ ಪ್ರಯೋಗ ವಿನ್ಯಾಸವನ್ನು ಕುರಿತ ಗ್ರಂಥದಲ್ಲಿ ಈ ತತ್ತ್ವವನ್ನು ಶಾಸ್ತ್ರೀಯವಾಗಿ ನಿರೂಪಿಸಿದ್ದರು. ಹೊಲದ ಗೊಬ್ಬರಗಳ ವಿಷಯದಲ್ಲಿ ಬಳಕೆಗೆ ಬಂದಿದ್ದ ಈ ತತ್ತ್ವವನ್ನು ಮಕ್ಕಳ ಪಾಲನೆಯಂಥ ವಿಷಯಕ್ಕೆ ಇಷ್ಟು ಬೇಗ, ಇಷ್ಟು ದೊಡ್ಡ ಪ್ರಮಾಣದಲ್ಲಿ ಅನ್ವಯಿಸಿದುದು ಅಸಾಮಾನ್ಯವೆಂದೇ ಹೇಳಬೇಕು.

ಇಂಥ ಹಂಚಿಕೆಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹ್ಯಾನ್ಸ್ ಐಸೆಂಕ್ ಅವರ ೧೯೫೨ರ ಪ್ರಬಂಧವು ಉದಾಹರಣೆ. ಮನೋವಿಶ್ಲೇಷಣೆಗೆ ಒಳಪಟ್ಟವರಲ್ಲಿ ನೂರಕ್ಕೆ ೪೪ ಮಂದಿ, ಮಿಶ್ರ ಚಿಕಿತ್ಸೆಗೆ ಒಳಪಟ್ಟವರಲ್ಲಿ ೬೪ ಮಂದಿ, ಅಂಥ ಚಿಕಿತ್ಸೆಯಿಲ್ಲದವರಲ್ಲಿ ೭೨ ಮಂದಿ ಸುಧಾರಿಸಿದರೆಂದು ಅವರು ಲೆಕ್ಕ ಕೊಟ್ಟರು. ಆದರೆ ಮೂರನೆಯ ಅಂಕಿಯು ಎಲ್ಲಿಂದ ಬಂದಿತು? ಸರಕಾರಿ ಆಸ್ಪತ್ರೆಗಳ ರೋಗಿಗಳಿಂದ, ಮತ್ತು ವಿಮಾ ಕಂಪನಿಯಿಂದ ಅಶಕ್ತತೆಯ ಪರಿಹಾರ ಪಡೆಯುತ್ತ ಸಾಮಾನ್ಯ ವೈದ್ಯರ ಬಳಿಗೆ ಹೋದ ೫೦೦ ಮಂದಿಯಿಂದ. ಇವರು ಬೇರೆ ಜನ; ಅವರ ಕಾಯಿಲೆಯ ತೀವ್ರತೆ ಬೇರೆ; ಗುಣವಾಯಿತೆಂದು ನಿರ್ಣಯಿಸಿದ ಅಳತೆಗೋಲೂ ಬೇರೆ. ಐಸೆಂಕ್ ಅವರು ಎತ್ತಿದ ಪ್ರಶ್ನೆ ಯೋಗ್ಯವಾದುದೇ. ಆದರೆ ಅವರ ಹೋಲಿಕೆಯಿಂದ ಆ ಪ್ರಶ್ನೆಗೆ ಉತ್ತರ ದೊರೆಯಲಾರದು. ಎರಡು ಬೇರೆ ಬೇರೆ ನಾಡುಗಳ ನಾಣ್ಯಗಳನ್ನು ತೂಗದೆ ಎಣಿಸಿ, ಯಾರು ಶ್ರೀಮಂತರೆಂದು ನಿರ್ಣಯಿಸಿದಂತೆ ಇದು.

೪

ಪವರ್ಸ್ ಮತ್ತು ವಿಟ್ಮರ್ ಅವರ ೧೯೫೧ರ ವರದಿಯು ಕ್ಯಾಬಟ್ ಅವರ ಆಶೆಯನ್ನು ಸಮರ್ಥಿಸಲಿಲ್ಲ. ಸಲಹೆಗಾರರು ತಮ್ಮ ಹುಡುಗರಲ್ಲಿ ಅನೇಕರಿಗೆ ಉಪಕಾರವಾಯಿತೆಂದೇ ತಿಳಿದಿದ್ದರು. ಆದರೆ ನ್ಯಾಯಾಲಯದ ಮತ್ತು ಪೋಲೀಸರ ದಾಖಲೆಗಳಲ್ಲಿ ಎರಡು ಗುಂಪುಗಳಿಗೂ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ನೆರವು ಪಡೆದವರು ಅಪರಾಧದಿಂದ ದೂರ ಉಳಿದಿದ್ದರೆ, ನೆರವಿಲ್ಲದವರೂ ಅಷ್ಟೇ ಪ್ರಮಾಣದಲ್ಲಿ ದೂರ ಉಳಿದಿದ್ದರು.

ಮೂವತ್ತು ವರ್ಷಗಳ ಅನಂತರ ಮೆಕಾರ್ಡ್ ಅವರು ಈ ಹುಡುಗರನ್ನು, ಆ ವೇಳೆಗೆ ನಡುವಯಸ್ಸಿನವರಾಗಿದ್ದವರನ್ನು, ಮತ್ತೆ ಹುಡುಕಿದರು. ಇವರ ಲೆಕ್ಕಕ್ಕೆ ಸೇರಿದುದು ೨೫೩ ಜೋಡಿಗಳು, ಎಂದರೆ ೫೦೬ ಮಂದಿ. ಅವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರ ಸುಳಿವು ಸಿಕ್ಕಿತೆಂಬುದು ಅನ್ವೇಷಣೆಯ ದೃಷ್ಟಿಯಿಂದ ಶ್ಲಾಘ್ಯವಾದ ಸಾಧನೆ. ಫಲಿತಾಂಶವಾದರೋ ನಿರೀಕ್ಷೆಗೆ ವಿರುದ್ಧವಾಗಿತ್ತು. ಒಮ್ಮೆ ಅಪರಾಧ ಮಾಡಿದವರಲ್ಲಿ ಮತ್ತೆ ಅಪರಾಧಕ್ಕೆ ಕೈಹಾಕಿದವರು, ಮದ್ಯವ್ಯಸನದ ಲಕ್ಷಣವುಳ್ಳವರು, ತೀವ್ರವಾದ ಮನೋವ್ಯಾಧಿಯ ಲಕ್ಷಣ ತೋರಿದವರು, ಮನಸ್ಸಿನ ಒತ್ತಡಕ್ಕೆ ಸಂಬಂಧಿಸಿದ ಕಾಯಿಲೆಗಳುಳ್ಳವರು, ಕೆಳದರ್ಜೆಯ ಉದ್ಯೋಗದಲ್ಲಿದ್ದವರು, ಕೆಲಸದಲ್ಲಿ ತೃಪ್ತಿಯಿಲ್ಲದವರು, ಇವರೆಲ್ಲರ ಪ್ರಮಾಣ ನೆರವು ಪಡೆದ ಗುಂಪಿನಲ್ಲಿಯೇ ಹೆಚ್ಚಾಗಿ ಕಂಡಿತು. ಆ ಗುಂಪಿನಲ್ಲಿ ತೀರಿಕೊಂಡವರು ಹೆಚ್ಚು ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಹೀಗಿದ್ದರೂ ಪ್ರಶ್ನಾವಳಿಗೆ ಉತ್ತರಿಸಿದ ಫಲಾನುಭವಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ, ಕಾರ್ಯಕ್ರಮದಿಂದ ತಮಗೆ ಉಪಕಾರವಾಯಿತೆಂದೇ ಹೇಳಿದರು.

ಸಮಾಲೋಚನೆಯ ವಿದ್ಯಾರ್ಥಿಗಳು ನಿಂತು ಯೋಚಿಸಬೇಕಾದ ಸ್ಥಳ ಇದು. ಈ ಮಂದಿ ಸುಳ್ಳು ಹೇಳಿದರೆಂದು ನಾವು ಭಾವಿಸಬೇಕಾಗಿಲ್ಲ. ಸ್ನೇಹದಿಂದ ಮನೆಗೆ ಬಂದು ಹೋದವನನ್ನು ಮೂವತ್ತು ವರ್ಷಗಳ ಅನಂತರವೂ ಕೃತಜ್ಞತೆಯಿಂದ ನೆನೆಯುವುದು ಸಹಜ. ಆದರೆ ಅವನು ಬಾರದೇ ಇದ್ದಿದ್ದರೆ ತನ್ನ ಬಾಳು ಹೇಗಿರುತ್ತಿತ್ತೆಂಬುದನ್ನು ಯಾವ ಮನುಷ್ಯನೂ ನೋಡಿರಲಾರನು. ಅದನ್ನು ನೋಡುವುದಕ್ಕೆ ನಮಗಿರುವ ಒಂದೇ ಕಿಟಕಿ ಜೋಡಿಯ ಇನ್ನೊಬ್ಬ ಹುಡುಗ. ಶಾಸನಗಳನ್ನು ಓದಿ ಬಲ್ಲವರಿಗೆ ಈ ಮಾತು ಹೊಸದಲ್ಲ. ಕ್ರಿ.ಶ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ತನ್ನ ಆಶ್ರಯದಾತನಾದ ಇಮ್ಮಡಿ ಪುಲಕೇಶಿಯು ಹರ್ಷನನ್ನು ಸೋಲಿಸಿದುದನ್ನು ಹೊಗಳಿದ್ದಾನೆ. ಆಶ್ರಿತನ ಹೊಗಳಿಕೆಯೆಂದು ಅದನ್ನು ನಾವು ಎಸೆಯುವುದಿಲ್ಲ. ಹೊಗಳಿದನೆಂದು ಅಷ್ಟಕ್ಕೇ ಒಪ್ಪುವುದೂ ಇಲ್ಲ. ಹರ್ಷನ ಆದರಕ್ಕೆ ಪಾತ್ರನಾಗಿದ್ದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗನೂ ಪುಲಕೇಶಿಯು ಹರ್ಷನಿಗೆ ಮಣಿಯಲಿಲ್ಲವೆಂದು ಹೇಳಿರುವುದರಿಂದ ಆ ಮಾತಿಗೆ ಬಲ ಬರುತ್ತದೆ. ಫಲಾನುಭವಿಯ ಮೆಚ್ಚುಗೆಯೂ ಇಂಥದೇ ಒಂದು ಪ್ರಶಸ್ತಿ. ಅದು ಸಂಬಂಧದ ಸೊಗಸಿಗೆ ಸಾಕ್ಷಿ; ಫಲಕ್ಕೆ ಬೇರೊಂದು ಸಾಕ್ಷಿ ಬೇಕು.

೫

ಇಷ್ಟು ಹೇಳಿದ ಮೇಲೆ ೧೯೭೮ರ ಪ್ರಬಂಧವನ್ನೂ ಅದೇ ನಿಷ್ಠುರತೆಯಿಂದ ಪರೀಕ್ಷಿಸಬೇಕು. ಅನೇಕರು ಇದನ್ನು ಸಲಹೆ ಕೊಡುವುದೇ ಅಪಾಯವೆಂಬುದಕ್ಕೆ ಪ್ರಮಾಣವಾಗಿ ಉದ್ಧರಿಸುವುದುಂಟು. ನಮ್ಮ ದೃಷ್ಟಿಯಲ್ಲಿ ಆ ನಿರ್ಣಯಕ್ಕೆ ಐದು ಆಕ್ಷೇಪಗಳಿವೆ.

ಮೊದಲನೆಯದು, ಹೋಲಿಕೆಗಳ ಸಂಖ್ಯೆ. ಎರಡು ಗುಂಪುಗಳಲ್ಲಿ ನಿಜವಾದ ಭೇದವೇ ಇಲ್ಲದಿದ್ದರೂ, ನೂರಕ್ಕೆ ಐದರ ಮಟ್ಟವನ್ನು ಒಪ್ಪಿಕೊಂಡ ಮೇಲೆ, ಇಪ್ಪತ್ತು ಹೋಲಿಕೆಗಳಲ್ಲಿ ಸರಾಸರಿ ಒಂದರಲ್ಲಿ ಆಕಸ್ಮಿಕವಾಗಿಯೇ ಭೇದ ಕಾಣುತ್ತದೆ. ಅಪರಾಧ, ಆರೋಗ್ಯ, ಸಂಸಾರ, ಉದ್ಯೋಗ, ಮನೋಭಾವ ಎಂದು ಹಲವು ವಿಷಯಗಳನ್ನು ಹೋಲಿಸಿ, ಭೇದ ಕಂಡವುಗಳನ್ನು ಒಟ್ಟಿಗೆ ಜೋಡಿಸಿದಾಗ ಪ್ರತಿಯೊಂದರ ತೂಕವನ್ನೂ ಸ್ವಲ್ಪ ಇಳಿಸಿಯೇ ಎಣಿಸಬೇಕು. ಕಂಡ ಭೇದಗಳೆಲ್ಲ ಒಂದೇ ದಿಕ್ಕಿಗಿದ್ದುವು ಎಂಬುದು ಮೆಕಾರ್ಡ್ ಅವರ ಪಕ್ಷದಲ್ಲಿರುವ ಬಲವಾದ ವಾದ, ಅದನ್ನೂ ಮರೆಯತಕ್ಕದ್ದಲ್ಲ.

ಎರಡನೆಯದು, ಉಪಗುಂಪುಗಳ ಹೋಲಿಕೆ. ಅಪರಾಧದ ದಾಖಲೆಯುಳ್ಳವರ ಸಂಖ್ಯೆ ಎರಡು ಗುಂಪುಗಳಲ್ಲಿಯೂ ಹೆಚ್ಚುಕಡಮೆ ಒಂದೇ ಆಗಿತ್ತು. ಭೇದ ಕಂಡುದು ಅವರಲ್ಲಿ ಮತ್ತೆ ಅಪರಾಧ ಮಾಡಿದವರ ಪ್ರಮಾಣದಲ್ಲಿ. ಹಾಗೆಯೇ ಅಕಾಲ ಮರಣದ ಹೋಲಿಕೆ ತೀರಿಕೊಂಡವರೊಳಗೆ, ಉದ್ಯೋಗದ ತೃಪ್ತಿಯ ಹೋಲಿಕೆ ಪ್ರಶ್ನಾವಳಿಗೆ ಉತ್ತರಿಸಿದವರೊಳಗೆ ನಡೆದುದು. ನಾಣ್ಯವು ಸಮಮಾಡಿದ್ದು ಇಡೀ ಗುಂಪುಗಳನ್ನು. ಆಮೇಲೆ ರೂಪುಗೊಂಡ ಉಪಗುಂಪುಗಳಿಗೆ ಆ ರಕ್ಷೆ ಪೂರ್ತಿಯಾಗಿ ಸಲ್ಲುವುದಿಲ್ಲ.

ಮೂರನೆಯದು, ೬೫೦ ಮಂದಿ ೫೦೬ ಆದುದು. ಕಾರ್ಯಕ್ರಮದಿಂದ ಬೇಗನೆ ಹೊರಬಿದ್ದವರನ್ನು ಅವರ ಜೋಡಿಯೊಡನೆ ಲೆಕ್ಕದಿಂದ ತೆಗೆಯಲಾಯಿತು. ಜೋಡಿಯಾಗಿಯೇ ತೆಗೆದುದರಿಂದ ಸಮತೂಕ ಬಹುಮಟ್ಟಿಗೆ ಉಳಿಯಿತು. ಆದರೆ ಯಾರು ಹೊರಬಿದ್ದರೆಂಬುದನ್ನು ನಾಣ್ಯವು ನಿರ್ಧರಿಸಲಿಲ್ಲ. ಉಳಿದ ಶಾಸನಗಳಿಂದ ಅಳಿದ ಶಾಸನಗಳನ್ನು ಊಹಿಸುವ ಕಷ್ಟವನ್ನು ಬಲ್ಲ ನಾವು ಈ ಅಂಶವನ್ನು ಹಗುರವಾಗಿ ಕಾಣಲಾರೆವು.

ನಾಲ್ಕನೆಯದು, ಕಾಲದ ಪ್ರಭಾವ. ಡೊನಾಲ್ಡ್ ಕ್ಯಾಂಬೆಲ್ ಮತ್ತು ಜೂಲಿಯನ್ ಸ್ಟ್ಯಾನ್ಲಿ ಅವರು ೧೯೬೩ರಲ್ಲಿ ಪ್ರಯೋಗಗಳನ್ನು ಕೆಡಿಸುವ ಅಪಾಯಗಳ ಪಟ್ಟಿಯೊಂದನ್ನು ಕೊಟ್ಟರು. ಅದರಲ್ಲಿ ಮೊದಲನೆಯ ಅಪಾಯಕ್ಕೆ ಅವರಿಟ್ಟ ಹೆಸರು ‘ಇತಿಹಾಸ’: ಎರಡು ಅಳತೆಗಳ ನಡುವೆ ಹೊರಜಗತ್ತಿನಲ್ಲಿ ನಡೆದ ಘಟನೆ. ಪ್ರಕೃತ ಪ್ರಯೋಗದ ನಡುವೆ ಬಂದುದು ಎರಡನೆಯ ಮಹಾಯುದ್ಧ. ನಿಯಂತ್ರಣ ಗುಂಪೂ ಅದೇ ಯುದ್ಧಕಾಲದಲ್ಲಿ ಬೆಳೆದುದರಿಂದ ಹೋಲಿಕೆ ಕೆಡಲಿಲ್ಲ. ಆದರೆ ನೆರವಿನ ಸ್ವರೂಪವೇ ಬದಲಾಯಿತು. ಸಲಹೆಗಾರರು ಬಿಟ್ಟುಹೋದರು, ಹೊಸಬರು ಬಂದರು. ಸ್ಥಿರವಾದ ಸ್ನೇಹವನ್ನು ಪರೀಕ್ಷಿಸಬೇಕೆಂದಿದ್ದ ಪ್ರಯೋಗವು ಅನೇಕ ಹುಡುಗರ ಮಟ್ಟಿಗೆ ಅಸ್ಥಿರವಾದ ಸ್ನೇಹವನ್ನು ಪರೀಕ್ಷಿಸಿತು.

ಐದನೆಯದು, ಕಾರಣದ ಪ್ರಶ್ನೆ. ಹಾನಿಯಾಯಿತೆಂದು ಒಪ್ಪಿದರೂ ಹಾನಿ ಬಂದುದು ಯಾವುದರಿಂದ? ಹೊರಗಿನವರ ಮೇಲಣ ಅವಲಂಬನೆ, ಮನೆಯ ಮೌಲ್ಯಗಳಿಗೂ ಸಲಹೆಗಾರನ ಮೌಲ್ಯಗಳಿಗೂ ತಿಕ್ಕಾಟ, ಹುಸಿಯಾದ ನಿರೀಕ್ಷೆಗಳು ಎಂದು ಮೆಕಾರ್ಡ್ ಅವರು ಕೆಲವು ಊಹೆಗಳನ್ನು ಸೂಚಿಸಿದರು. ಮುಂದೆ, ಬೇಸಗೆಯ ಶಿಬಿರಗಳಿಗೆ ಮತ್ತೆ ಮತ್ತೆ ಹೋದ ಹುಡುಗರಲ್ಲಿ ಕೆಡುಕು ಹೆಚ್ಚೆಂದು ತೋರಿಸಿ, ತುಂಟರನ್ನು ಒಂದೆಡೆ ಸೇರಿಸುವುದೇ ದೋಷವಿರಬಹುದೆಂದರು. ಈ ವಿವರಣೆ ಮನಸ್ಸಿಗೆ ಒಪ್ಪುವಂಥದು. ಆದರೆ ಶಿಬಿರಕ್ಕೆ ಯಾರನ್ನು ಕಳುಹಿಸಬೇಕೆಂಬುದನ್ನು ನಿರ್ಧರಿಸಿದುದು ನಾಣ್ಯವಲ್ಲ. ಆದುದರಿಂದ ಇದನ್ನು ಮುಂದಿನ ಪ್ರಯೋಗಕ್ಕೆ ಯೋಗ್ಯವಾದ ಊಹೆಯೆಂದು ಎಣಿಸಬೇಕೇ ಹೊರತು ಸಿದ್ಧಾಂತವೆಂದಲ್ಲ.

ಇನ್ನೊಂದು ಅಂಶವನ್ನೂ ಸೇರಿಸಬೇಕು. ೨೦೧೯ರಲ್ಲಿ ಬ್ರ್ಯಾಂಡನ್ ವೆಲ್ಷ್ ಮತ್ತು ಅವರ ಸಹೋದ್ಯೋಗಿಗಳು, ಕಾರ್ಯಕ್ರಮ ಮುಗಿದ ೭೨ ವರ್ಷಗಳ ಅನಂತರದ ಮರಣದ ದಾಖಲೆಗಳನ್ನು ಪರಿಶೀಲಿಸಿ, ಎರಡು ಗುಂಪುಗಳ ಆಯುರ್ಮಾನದಲ್ಲಿ ಗಣನೀಯ ವ್ಯತ್ಯಾಸವಿಲ್ಲವೆಂದು ಪ್ರಕಟಿಸಿದರು. ಚಿಕ್ಕ ವಯಸ್ಸಿನ ಮರಣವನ್ನು ಕುರಿತ ೧೯೭೮ರ ಮಾತು ಇಡೀ ಆಯುಸ್ಸಿಗೆ ಅನ್ವಯಿಸುವುದಿಲ್ಲವೆಂದಾಯಿತು.

ಹಾಗಾದರೆ ಉಳಿದುದೇನು? ಸದುದ್ದೇಶದಿಂದ, ಸಾಕಷ್ಟು ವೆಚ್ಚದಿಂದ, ವರ್ಷಗಟ್ಟಲೆ ನಡೆಸಿದ ನೆರವು ನಿರೀಕ್ಷಿಸಿದ ಫಲವನ್ನು ಕೊಡಲಿಲ್ಲ ಎಂಬುದು ದೃಢವಾಗಿ ಉಳಿಯುತ್ತದೆ. ಕೆಲವು ವಿಷಯಗಳಲ್ಲಿ ಹಾನಿಯಾಗಿರಬಹುದೆಂಬುದು ಗಂಭೀರವಾದ ಸಂದೇಹವಾಗಿ ಉಳಿಯುತ್ತದೆ. ಸಮಾಲೋಚನೆಯೆಲ್ಲ ವ್ಯರ್ಥವೆಂಬುದು ಮಾತ್ರ ಇದರಿಂದ ಸಿದ್ಧಿಸುವುದಿಲ್ಲ. ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ ಅವರು ೧೯೭೭ರಲ್ಲಿ ೩೭೫ ಅಧ್ಯಯನಗಳನ್ನು ಒಟ್ಟುಗೂಡಿಸಿ, ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿಯು ಚಿಕಿತ್ಸೆಯಿಲ್ಲದವರಲ್ಲಿ ನೂರಕ್ಕೆ ೭೫ ಮಂದಿಗಿಂತ ಮೇಲಾದ ಸ್ಥಿತಿಯಲ್ಲಿದ್ದನೆಂದು ತೋರಿಸಿದ್ದಾರೆ. ಯಾವ ನೆರವು, ಯಾರಿಗೆ, ಎಷ್ಟು ಕಾಲ ಎಂದು ಬಿಡಿಸಿ ಕೇಳಿದಾಗಲೇ ಪ್ರಶ್ನೆಗೆ ಅರ್ಥವುಂಟು.

೬

ನೊಂದವನಿಗೆ ನೆರವನ್ನು ನಾಣ್ಯ ಚಿಮ್ಮಿ ನಿರಾಕರಿಸುವುದು ನ್ಯಾಯವೆ ಎಂಬ ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಎರಡು ಸಮಾಧಾನಗಳಿವೆ. ಫಲವೇ ಸಂದಿಗ್ಧವಾಗಿರುವಾಗ ನಿರಾಕರಿಸಿದುದು ಒಳಿತನ್ನೇ ಎಂದು ಮೊದಲೇ ಹೇಳುವಂತಿಲ್ಲ. ಮೇಲಣ ಪ್ರಯೋಗವೇ ಇದಕ್ಕೆ ದೃಷ್ಟಾಂತ. ಎರಡನೆಯದಾಗಿ, ಸಲಹೆಗಾರರು ಕಡಮೆಯಿದ್ದು ಬರುವವರು ಹೆಚ್ಚಾಗಿರುವಲ್ಲಿ ಕೆಲವರು ಹೇಗೂ ಕಾಯಬೇಕಾಗುತ್ತದೆ. ಕಾಲ್ ರೋಜರ್ಸ್ ಮತ್ತು ರೊಸಲಿಂಡ್ ಡೈಮಂಡ್ ಅವರು ೧೯೫೪ರಲ್ಲಿ ಪ್ರಕಟಿಸಿದ ಷಿಕಾಗೋ ಅಧ್ಯಯನದಲ್ಲಿ ಕೆಲವರನ್ನು ೬೦ ದಿನ ಕಾಯಿಸಿ, ಕಾಯುವ ಮೊದಲೂ ಆಮೇಲೂ ಪರೀಕ್ಷಿಸಿದರು. ಯಾರು ಮೊದಲು, ಯಾರು ಅನಂತರ ಎಂಬುದನ್ನು ಚೀಟಿಯೆತ್ತಿ ನಿರ್ಧರಿಸಿದರೆ ನ್ಯಾಯವೂ ಶಾಸ್ತ್ರವೂ ಒಂದಾಗುತ್ತವೆ. ಆದರೆ ತುರ್ತು ಅಪಾಯದಲ್ಲಿರುವವರನ್ನು, ಆತ್ಮಹತ್ಯೆಯ ಯೋಚನೆಯುಳ್ಳವರನ್ನು ಕಾಯಿಸತಕ್ಕದ್ದಲ್ಲ. ಭಾಗವಹಿಸುವವರ ತಿಳಿವಳಿಕೆಯ ಸಮ್ಮತಿಯಿಲ್ಲದೆ ಯಾವುದನ್ನೂ ಮಾಡತಕ್ಕದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೨೦೧೭ರಲ್ಲಿ ಪ್ರಕಟಿಸಿದ ನೀತಿಸೂತ್ರಗಳು ಸಾಮಾಜಿಕ ಮತ್ತು ವರ್ತನಾ ವಿಜ್ಞಾನಗಳ ಸಂಶೋಧನೆಯನ್ನೂ ಕುರಿತು ಹೇಳುತ್ತವೆ. ವಿದ್ಯಾರ್ಥಿಗಳು ಪ್ರಬಂಧದ ವಿಷಯವನ್ನು ಆರಿಸುವ ಮೊದಲು ಅವನ್ನು ಓದಬೇಕು.

ಕೊನೆಯದಾಗಿ, ನಮ್ಮ ಕಾಲೇಜುಗಳಲ್ಲಿ ಸಾಧ್ಯವಾಗುವ ಒಂದು ಸಣ್ಣ ಅಧ್ಯಯನವನ್ನು ಕಲ್ಪಿಸಿಕೊಳ್ಳೋಣ. ಪರೀಕ್ಷೆಗೆ ಒಂದು ತಿಂಗಳ ಮುಂಚೆ ಆತಂಕದ ಪ್ರಶ್ನಾವಳಿಯನ್ನು ಕೊಟ್ಟು, ಅತಿ ಹೆಚ್ಚು ಅಂಕ ಬಂದ ೪೦ ಮಂದಿಯನ್ನು ಆರಿಸಿ, ಆರು ವಾರ ಸಮಾಲೋಚನೆ ನಡೆಸಿ ಮತ್ತೆ ಅಳೆದರೆ ಆತಂಕ ಇಳಿದಿರುವುದು ಬಹುಮಟ್ಟಿಗೆ ನಿಶ್ಚಯ. ಅಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ; ಅಲ್ಲದೆ ತುತ್ತತುದಿಯಲ್ಲಿದ್ದಾಗ ಆರಿಸಿದವರು ಎರಡನೆಯ ಅಳತೆಯಲ್ಲಿ ಸರಾಸರಿಯ ಕಡೆಗೆ ಇಳಿಯುವುದು ಅಂಕಿಗಳ ಧರ್ಮ. ಇದನ್ನು ಸಮಾಲೋಚನೆಯ ಫಲವೆಂದು ಬರೆದರೆ ಪ್ರಬಂಧ ಮುಗಿಯುತ್ತದೆ, ಜ್ಞಾನ ಬೆಳೆಯುವುದಿಲ್ಲ. ಬದಲಾಗಿ ಚೀಟಿಯೆತ್ತಿ ೨೦ ಮಂದಿಗೆ ಮೊದಲು, ೨೦ ಮಂದಿಗೆ ಆಮೇಲೆ ನೆರವು ಕೊಡಲಿ. ಮುಖ್ಯವಾದ ಅಳತೆ ಯಾವುದೆಂಬುದನ್ನು ಆರಂಭದಲ್ಲಿಯೇ ಬರೆದಿಡಲಿ. ಅಳೆಯುವವರಿಗೆ ಯಾರು ಯಾವ ಗುಂಪಿನವರೆಂಬುದು ತಿಳಿಯದಿರಲಿ. ನಡುವೆ ಬಿಟ್ಟವರನ್ನೂ ಅವರವರ ಗುಂಪಿನಲ್ಲಿಯೇ ಎಣಿಸಲಿ. ೨೦–೨೦ರ ಗುಂಪುಗಳಿಂದ ದೊಡ್ಡ ವ್ಯತ್ಯಾಸ ಮಾತ್ರ ಗೊತ್ತಾಗುತ್ತದೆ. ಮಧ್ಯಮ ಪ್ರಮಾಣದ ವ್ಯತ್ಯಾಸವನ್ನು ಐದರಲ್ಲಿ ನಾಲ್ಕು ಬಾರಿಯಾದರೂ ಹಿಡಿಯಬೇಕಾದರೆ ಪ್ರತಿ ಗುಂಪಿಗೂ ಸುಮಾರು ೬೪ ಮಂದಿ ಬೇಕು. ಆದುದರಿಂದ ಒಬ್ಬೊಬ್ಬ ವಿದ್ಯಾರ್ಥಿಯು ಒಂದೊಂದು ಚಿಕ್ಕ ಪ್ರಬಂಧ ಬರೆಯುವುದಕ್ಕಿಂತ ಮೂರು ನಾಲ್ಕು ಕಾಲೇಜುಗಳವರು ಒಂದೇ ವಿನ್ಯಾಸದಿಂದ ಸೇರಿ ದುಡಿಯುವುದು ಮೇಲು. ವಿಭಾಗಗಳ ಮುಖ್ಯಸ್ಥರು ಇದನ್ನು ಆಲೋಚಿಸಬೇಕೆಂದು ಸೂಚಿಸುತ್ತೇವೆ.

ಕ್ಯಾಬಟ್ ಅವರ ಪ್ರಯೋಗದಲ್ಲಿ ನಾವು ಮುಖ್ಯವಾಗಿ ಮೆಚ್ಚುವುದು ಇನ್ನೊಂದು ಸಂಗತಿ. ಯಾವ ಹುಡುಗನು ಯಾವ ಗುಂಪಿಗೆ ಸೇರಿದವನು, ಸಲಹೆಗಾರನು ಎಂದು ಬಂದನು, ಏನು ಮಾಡಿದನು ಎಂಬುದನ್ನು ಅಂದಂದಿಗೆ ಬರೆದು ಕಡತಗಳಲ್ಲಿ ಕಾಪಾಡಿದ್ದರು. ಅವು ಉಳಿದುದರಿಂದಲೇ ೧೯೫೧ರ ನಿರ್ಣಯವನ್ನು ೧೯೭೮ರಲ್ಲಿಯೂ, ೧೯೭೮ರ ನಿರ್ಣಯವನ್ನು ೨೦೧೯ರಲ್ಲಿಯೂ ತಿದ್ದಲು ಸಾಧ್ಯವಾಯಿತು. ನಮ್ಮ ವಿಭಾಗಗಳಲ್ಲಿ ಪ್ರಬಂಧಕ್ಕೆ ಅಂಕ ಬಂದೊಡನೆ ಮೂಲ ಹಾಳೆಗಳು ರದ್ದಿಗೆ ಹೋಗದಂತೆ ನೋಡಿಕೊಳ್ಳುವುದು, ಹೆಸರುಗಳನ್ನು ಗುಟ್ಟಾಗಿರಿಸಿ ಅವನ್ನು ಭದ್ರಪಡಿಸುವುದು, ಸಂಶೋಧನಾ ವಿಧಾನದ ಮೊದಲನೆಯ ಪಾಠವಾಗಬೇಕು.